ಬಸ್ಕಿ ಹೊಡೆದ್ರೆ ತೊಡೆ ನೋಯ್ತೈತೆ, ಗುಂಡಿಗೆ ಯಾಕೆ ನೋಯಲ್ಲ?

ತಮ್ಮಾ, 200 ಬಸ್ಕಿ ಹೊಡೆದ ಮಾರನೇ ದಿನ ಮೆಟ್ಟಿಲು ಇಳಿಯೋಕಾಗ್ತಿಲ್ಲ, ದಿನಪೂರ್ತಿ ಬಡ್ಕೊಳ್ಳೋ ಹಾರ್ಟ್ ಮಾತ್ರ ಯಾಕೆ ನೋಯಲ್ಲ, ಅದೂ ಮಸಲ್ಲೇ ತಾನೇ ಅಂತ ಕೇಳಿದ್ದೀಯ. ಮಸಲ್ಲೇ ಕಣಪ್ಪ, ತಳಿ ಬೇರೆ.

ಭಾನುವಾರ ಮಟನ್ ಅಂಗಡೀಲಿ ನಿಂತು ನೋಡು, ಮೂರೂ ತಳಿ ಅಲ್ಲೇ ಸಿಗ್ತವೆ. ತೊಡೆ ಮಾಂಸ ಬೆಂದ್ಮೇಲೆ ಎಳೆ ಎಳೆಯಾಗಿ ಬಿಚ್ಕೊಳ್ತೈತೆ, ಅದು ಮೂಳೆಗೆ ಅಂಟಿದ ಸ್ನಾಯು, ನಾವು ಹೇಳಿದಂಗೆ ಕೇಳೋದು, ನಮ್ಮ ಮೈಯಲ್ಲಿ ಅಂಥವು 600ಕ್ಕೂ ಜಾಸ್ತಿ. ಬೋಟಿ ಗೋಡೇಲಿರೋದು ನಮ್ಮ ಮಾತು ಕೇಳಲ್ಲ, ತನ್ನ ಪಾಡಿಗೆ ನಿಧಾನಕ್ಕೆ ಹಿಂಡ್ತಾ ಉಂಡಿದ್ದನ್ನ ಮುಂದಕ್ಕೆ ತಳ್ತೈತೆ. ರಕ್ತನಾಳ, ಮೂತ್ರಕೋಶದಲ್ಲೂ ಅದೇ, ಸಾಮು ಮುಗಿಸಿ ತಣ್ಣೀರು ಸುರ್ಕೊಂಡಾಗ ಮೈಕೂದಲು ನೆಟ್ಟಗೆ ನಿಲ್ತವಲ್ಲ, ಅವನ್ನ ಎಳೆದು ನಿಲ್ಸೋದೂ ಇದೇ ತಳಿ.

ಇನ್ನು ಗುಂಡಿಗೆ. ಕೈಲಿ ಹಿಡಿದ್ರೆ ಗಟ್ಟಿ, ಅದರ ಕಣಗಳು ಕವಲೊಡೆದು ಒಂದಕ್ಕೊಂದು ಹೆಣ್ಕೊಂಡಿರ್ತವೆ, ಅದಕ್ಕೇ ಒಂದೇ ಏಟಿಗೆ ಒಟ್ಟಿಗೆ ಹಿಂಡ್ತವೆ. ನಿಮಿಷಕ್ಕೆ 72 ಅಂದ್ರೂ ದಿನಕ್ಕೆ ಒಂದು ಲಕ್ಷ ದಾಟ್ತೈತೆ. ಆದ್ರೆ ಅದು ರೆಸ್ಟೇ ತಗೊಳ್ಳಲ್ಲ ಅನ್ನೋದು ತಪ್ಪು. ಒಂದು ಬಡಿತಕ್ಕೆ 0.8 ಸೆಕೆಂಡು, ಅದ್ರಲ್ಲಿ ಕೆಳಗಿನ ಕೋಣೆಗಳು ಹಿಂಡೋದು ಸುಮಾರು 0.3, ಉಳಿದ 0.5 ಸಡಿಲ ಬಿಟ್ಕೊಂಡು ರಕ್ತ ತುಂಬಿಸ್ಕೊಳ್ತವೆ. ಹುಟ್ಟೋಕೆ ಮುಂಚಿಂದ ಇದೇ ಕೆಲಸ ಮಾಡ್ಕೊಂಡು ಬಂದೈತೆ, ಅಳತೆ ಮೀರಲ್ಲ. ನೀನು ತೊಡೆಗೆ ಅಭ್ಯಾಸ ಇಲ್ಲದ ಲೆಕ್ಕ ಹೇರಿದ್ದೀಯ, ಎಳೆಗಳಲ್ಲಿ ಸಣ್ಣ ಸಣ್ಣ ಬಿರುಕು ಬಿದ್ದು ನೋಯ್ತೈತೆ. ಎರಡು ದಿನ ಬಿಟ್ಟು 60-70ರಿಂದ ಮತ್ತೆ ಶುರು ಮಾಡು, ತೊಡೆ ತಾನೇ ರಿಪೇರಿ ಮಾಡ್ಕೊಳ್ತೈತೆ.

ಗುಂಡಿಗೆಗೆ ಆ ರಿಪೇರಿ ಶಕ್ತಿ ಇಲ್ಲ ತಮ್ಮಾ, ಅದನ್ನೇ ಹೇಳ್ಬೇಕು ಅಂತ ಇಷ್ಟು ಬರೆದೆ. ಅದರದೇ ರಕ್ತನಾಳ ಕಟ್ಕೊಂಡು ಒಂದಿಷ್ಟು ಭಾಗ ಸತ್ರೆ ಅಲ್ಲಿ ಕಲೆ ಉಳಿತೈತೆ, ಮಸಲ್ ವಾಪಸ್ ಬೆಳೆಯಲ್ಲ. ನಮ್ಮ ಚಿಕ್ಕಪ್ಪ ಎದೆ ಹಿಂಡಿದಂಗಾದಾಗ ದಂಡ ಹೊಡೆದಿದ್ದು ಜಾಸ್ತಿ ಆಯ್ತು, ಗ್ಯಾಸ್ ಇರ್ಬೇಕು ಅಂತ ಸೋಡಾ ಕುಡಿದು ಮಧ್ಯಾಹ್ನದವರೆಗೂ ಕೂತ್ರು, ಬನಿಯನ್ ಬೆವರಲ್ಲಿ ತೊಯ್ದು ತೊಪ್ಪೆ ಆಗಿತ್ತು, ಉಳ್ಕೊಂಡ್ರು ಆದ್ರೆ ಈಗ ಒಂದು ಮಹಡಿ ಹತ್ತಿದ್ರೆ ಏದುಸಿರು. ಒತ್ತಿದ್ರೆ, ಕೈ ಎತ್ತಿದ್ರೆ ನೋಯೋದು ಹೆಚ್ಚಾಗಿ ಎದೆ ಮೇಲಿನ ಮಸಲ್ದೇ. ಭಾರ ಹೇರಿದಂಗೆ ಹಿಂಡಿ, ತಣ್ಣನೆ ಬೆವರು ಬಂದು, ನೋವು ತೋಳಿಗೋ ದವಡೆಗೋ ಹೋದ್ರೆ ಅನುಮಾನನೇ ಬೇಡ, 108ಕ್ಕೆ ಫೋನ್ ಹಚ್ಚು, ತಕ್ಷಣ ಇಸಿಜಿ ಆಗ್ಬೇಕು. ಬೈಕ್ ಮಾತ್ರ ನೀನೇ ಓಡಿಸ್ಕೊಂಡು ಹೋಗ್ಬೇಡ.