ಹೂಗಳ ಕಣಿವೆಯಲ್ಲಿ ಬ್ರಹ್ಮಕಮಲ, ಬ್ಲೂ ಪಾಪಿ ಫೋಟೊ ತೆಗೆಯಲು ಹುಬ್ಬಳ್ಳಿಯಿಂದ ಹೋಗುವವರು ಹೇಗೆ ತಯಾರಾಗಬೇಕು?

ನೀವು ಹುಬ್ಬಳ್ಳಿಯವರು, ಹೊಸ ಕ್ಯಾಮೆರಾ ತೊಗೊಂಡಿದ್ದೀರಿ, ಆಗಸ್ಟ್‌ನಲ್ಲಿ ಉತ್ತರಾಖಂಡದ ಹೂಗಳ ಕಣಿವೆಗೆ ಹೊರಟಿದ್ದೀರಿ. ಬ್ರಹ್ಮಕಮಲ, ಬ್ಲೂ ಪಾಪಿ ಹುಡುಕುವುದು ಹೇಗೆ, ಯಾವ ಲೆನ್ಸ್ ಬೇಕು ಅಂತ ಕೇಳಿದ್ದೀರಿ. ನಾನು ಧಾರವಾಡದವನು, ಮಳೆಗಾಲ ಬಂತೆಂದರೆ ಕಾಡುಹೂವಿನ ಹಿಂದೆ ಬೀಳುವವನು. ಲೆನ್ಸ್ ಮಾತು ಆಮೇಲೆ ಹೇಳುತ್ತೇನೆ. ಯಾವ ಹೂ ಎಂಥ ಜಾಗದಲ್ಲಿ ಬೆಳೆಯುತ್ತದೆ ಅನ್ನೋದು ಮೊದಲು ಗೊತ್ತಿರಬೇಕು.

ಈ ಎರಡು ಹೂಗಳಿಗಾಗಿಯೇ ಹೋಗುತ್ತಿದ್ದರೆ ಕಣಿವೆಗಿಂತ ಹೇಮಕುಂಡದ ದಾರಿಗೆ ಜಾಸ್ತಿ ಸಮಯ ಇಡಿ. ಎರಡಕ್ಕೂ ಉಳಿದುಕೊಳ್ಳುವುದು ಘಾಂಗರಿಯಾದಲ್ಲೇ. ಅದು ಸುಮಾರು 3050 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಒಂದು ದಾರಿ ಕಣಿವೆಗೆ ಹೋಗುತ್ತದೆ, ಇನ್ನೊಂದು ಹೇಮಕುಂಡ ಸಾಹಿಬ್ ಗುರುದ್ವಾರಕ್ಕೆ ಏರುತ್ತದೆ. ಆಗಸ್ಟ್‌ನಲ್ಲಿ ಕಣಿವೆಯ ತುಂಬ ನಮ್ಮ ಕರ್ಣಕುಂಡಲದ ಬಳಗಕ್ಕೆ ಸೇರಿದ ಗುಲಾಬಿ ಹೂಗಳು ಆಳೆತ್ತರ ಬೆಳೆದು ನಿಂತಿರುತ್ತವೆ. ನೋಡಲು ಬಹಳ ಚೆಂದ, ಆದರೆ ನೀವು ಹುಡುಕುವ ಹೂ ಅದಲ್ಲ ಅಲ್ವಾ? ಬ್ರಹ್ಮಕಮಲಕ್ಕೆ ಇನ್ನೂ ಮೇಲೆ ಹೋಗಬೇಕು. ಮರಗಳೆಲ್ಲ ಕೆಳಗೆ ಉಳಿದು, ಬರೀ ಕಲ್ಲು ಹುಲ್ಲು ಕಾಣಲು ಶುರುವಾದ ಮೇಲೆ ದಾರಿಯ ಎರಡೂ ಕಡೆ ಇಳಿಜಾರು ನೋಡುತ್ತ ಹೋಗಿ. ಹೇಮಕುಂಡ 4000 ಮೀಟರ್‌ಗಿಂತ ಮೇಲಿದೆ, ನಮ್ಮ ಹುಬ್ಬಳ್ಳಿ 700 ಮೀಟರೂ ಇಲ್ಲ. ಹಾಗಾಗಿ ಮೊದಲ ದಿನ ಕಣಿವೆ ನೋಡಿ, ಮೈ ಸ್ವಲ್ಪ ಹೊಂದಿಕೊಂಡ ಮೇಲೆ ಹೇಮಕುಂಡ ಹತ್ತಿ. ತಲೆನೋವು, ವಾಂತಿ ಶುರುವಾದರೆ ಹೂ ಬಿಟ್ಟು ಕೆಳಗಿಳಿಯಿರಿ.

ನಮ್ಮ ರೈತರು ಎರಿ ಭೂಮಿ ಯಾವುದು, ಮಸಾರಿ ಯಾವುದು ಅಂತ ನೋಡಿ ಇಲ್ಲಿ ಇಂಥದ್ದೇ ಬೆಳೆ ಬರುತ್ತದೆ ಅಂತ ಹೇಳುತ್ತಾರಲ್ಲ, ಹಿಮಾಲಯದಲ್ಲೂ ಹಾಗೇ ನೋಡಬೇಕು. ಹಿಮ ಕರಗಿ ನೀರು ಜಿನುಗುವ ಕಡೆ ಪ್ರಿಮುಲಾ ಜಾತಿಯವು, ಅವು ಬೇಗ ಅರಳುತ್ತವೆ, ಆಗಸ್ಟ್ ಹೊತ್ತಿಗೆ ಕೆಳಗಡೆ ಮುಗಿದಿರುತ್ತವೆ. ಬ್ಲೂ ಪಾಪಿ ಬೇಕಾದರೆ ತೇವ ಇರುವ ಬಂಡೆಯ ಸಂದುಗಳನ್ನು ನೋಡಿ. ಎಲೆಗೆ ಮುಳ್ಳು, ದಂಟಿಗೆ ಮುಳ್ಳು, ಮೊಗ್ಗಿಗೂ ಮುಳ್ಳು. ಅಷ್ಟು ಮುಳ್ಳಿನ ಮೇಲೆ ತಿಳಿ ನೀಲಿ ದಳಗಳು, ನಡುವೆ ಹಳದಿ ಕೇಸರಗಳ ಗೊಂಚಲು. ದಳ ಎಷ್ಟು ತೆಳು ಅಂದರೆ ಹಿಂದಿನಿಂದ ಬೆಳಕು ಬಂದಾಗ ಒಳಗಿನ ಗೆರೆಗಳೆಲ್ಲ ಕಾಣುತ್ತವೆ. ಬಿರುಬಿಸಿಲಿನಲ್ಲಿ ತೆಗೆದರೆ ಆ ನೀಲಿ ಬೆಳ್ಳಗಾಗಿ ಹಾಳಾಗುತ್ತದೆ. ಮೋಡ ಮುಚ್ಚಿದ ಹೊತ್ತೇ ಅದಕ್ಕೆ ಸರಿ, ಆ ತಿಂಗಳಲ್ಲಿ ಮೋಡಕ್ಕೇನೂ ಕೊರತೆ ಇಲ್ಲ.

ಬ್ರಹ್ಮಕಮಲ ಅಂದಾಗ ನಮ್ಮ ಮನೆ ಕುಂಡದಲ್ಲಿ ರಾತ್ರಿ ಅರಳುವ ಬಿಳಿ ಹೂವನ್ನು ಹುಡುಕಬೇಡಿ, ಅದು ಕಳ್ಳಿ ಜಾತಿ. ಹಿಮಾಲಯದ್ದು ಉತ್ತರಾಖಂಡದ ರಾಜ್ಯ ಹೂ. ಹೊರಗೆ ಕಾಣುವ ತಿಳಿ ಹಳದಿ ಹಾಳೆಗಳು ದಳಗಳಲ್ಲ, ಹೂವನ್ನು ಚಳಿ ಮಳೆಯಿಂದ ಕಾಯುವ ಎಲೆಗಳು. ನಿಜವಾದ ಹೂಗಳು ಒಳಗೆ ನೇರಳೆ ಬಣ್ಣದಲ್ಲಿ ಗುಂಪಾಗಿರುತ್ತವೆ. ಅದಕ್ಕೇ ಪಕ್ಕದಿಂದ ಒಂದು ಫೋಟೊ ತೆಗೆದು ಸುಮ್ಮನಾಗಬೇಡಿ, ಮೇಲಿನಿಂದ ಒಳಗೆ ಕಾಣುವ ಹಾಗೆ ಇನ್ನೊಂದು ತೆಗೆಯಿರಿ.

ಇನ್ನು ಅಭ್ಯಾಸ. ದಯವಿಟ್ಟು ಹೊಸ ಕ್ಯಾಮೆರಾ ಹಿಡಿದುಕೊಂಡು ಸೀದಾ ಅಲ್ಲಿಗೆ ಹೋಗಬೇಡಿ. ನಮ್ಮ ಗದಗದ ಕಪ್ಪತಗುಡ್ಡ ಇದೆಯಲ್ಲ, ಹುಬ್ಬಳ್ಳಿಯಿಂದ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ, 2019ರಲ್ಲಿ ವನ್ಯಜೀವಿ ಧಾಮ ಆಗಿದೆ, ಹಾಗಾಗಿ ಒಳಗೆ ಸುತ್ತಾಡುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಡಂಬಳ, ಡೋಣಿ ಕಡೆಯಿಂದ ಹೋದರೆ ಗಾಳಿಯಂತ್ರಗಳು ಕಾಣುತ್ತವೆ. ಅಲ್ಲಿ ಎಂಥ ಗಾಳಿ ಅಂತ ಅದರಲ್ಲೇ ತಿಳಿಯುತ್ತದೆ, ನಿಮಗೆ ಬೇಕಾಗಿರುವುದೂ ಅದೇ ಗಾಳಿ. ಮಳೆ ಹಿಡಿದ ಮೇಲೆ ಪೊದೆಗಳ ಮೇಲೆ ಅಗ್ನಿಶಿಖೆ ಹಬ್ಬಿರುತ್ತದೆ. ಎಲೆಯ ತುದಿಯೇ ಬಳ್ಳಿಯಾಗಿ ಸುರುಳಿ ಸುತ್ತಿ ಪಕ್ಕದ ಗಿಡ ಹಿಡಿದಿರುತ್ತದೆ. ಕೆಂಪು ಹಳದಿ ದಳಗಳು ಮೇಲಕ್ಕೆ ಮಡಚಿಕೊಂಡಿರುತ್ತವೆ, ಕೇಸರಗಳು ಕೆಳಗೆ ಸುತ್ತಲೂ ಚಾಚಿರುತ್ತವೆ. ಕೇಸರಕ್ಕೆ ಫೋಕಸ್ ಮಾಡಿದರೆ ದಳ ಮಸುಕು, ದಳಕ್ಕೆ ಮಾಡಿದರೆ ಕೇಸರ ಮಸುಕು, ಅಷ್ಟರಲ್ಲಿ ಗಾಳಿ ಬೀಸಿ ಎರಡೂ ಹೋಯಿತು. ಈ ಹೂವನ್ನು ಸರಿಯಾಗಿ ತೆಗೆಯಲು ಬಂದರೆ ಹಿಮಾಲಯದಲ್ಲಿ ಯಾವ ಹೂವಿಗೂ ಹೆದರಬೇಕಿಲ್ಲ. ಗಡ್ಡೆ ಮಾತ್ರ ಮುಟ್ಟಲು ಹೋಗಬೇಡಿ, ಅಗ್ನಿಶಿಖೆ ಪೂರ್ತಿ ವಿಷದ ಗಿಡ.

ಈಗ ಲೆನ್ಸ್. 90 ಅಥವಾ 100 ಎಂಎಂ ಮ್ಯಾಕ್ರೊ, ಅಂದರೆ ಚಿಕ್ಕದನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್, ಒಂದಿದ್ದರೆ ಸಾಕು. ಅದರ ಜೊತೆ ಅಗಲವಾಗಿ ಕಾಣುವ ಚಿಕ್ಕ ಲೆನ್ಸ್, ಅದಿಲ್ಲದಿದ್ದರೆ ನಿಮ್ಮ ಮೊಬೈಲೇ ಆಯಿತು. ಹೂವಿನ ಹತ್ತಿರ ಬಗ್ಗಿ, ಹಿಂದೆ ಕಲ್ಲು, ಮೋಡ, ಶಿಖರ ಎಲ್ಲ ಬರುವ ಹಾಗೆ ಒಂದು ಫೋಟೊ ತೆಗೆಯಲೇಬೇಕು. ಹೂ ಮಾತ್ರ ತುಂಬಿಸಿ ಹಿಂದೆಲ್ಲ ಮಸುಕು ಮಾಡಿದರೆ ಅದು ಲಾಲ್‌ಬಾಗಿನಲ್ಲಿ ತೆಗೆದದ್ದೋ ಹೇಮಕುಂಡದಲ್ಲಿ ತೆಗೆದದ್ದೋ ಯಾರಿಗೆ ಗೊತ್ತಾಗುತ್ತದೆ? ಎಲೆ, ದಂಟು, ಹೂವಿನ ಹಿಂಭಾಗ ಕೂಡ ತೆಗೆಯಿರಿ, ಗಿಡ ಯಾವುದು ಅಂತ ಗುರುತು ಹಿಡಿಯುವವರಿಗೆ ಅದೇ ಬೇಕು. ಗಾಳಿ ಇದ್ದಾಗ ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಕೆಳಗೆ ಇಳಿಸಬೇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್ 8ರ ಆಸುಪಾಸು ಸಾಕಾಗುತ್ತದೆ. ಒಂದು ಬಿಳಿ ಛತ್ರಿ ಇಟ್ಟುಕೊಳ್ಳಿ, ಮಳೆಗೂ ಆಯಿತು, ಬಿಸಿಲು ಬಂದಾಗ ಹೂವಿಗೆ ನೆರಳು ಮಾಡಲೂ ಆಯಿತು. ಕ್ಯಾಮೆರಾ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಡಿ.

ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಒಂದು ಹೂವಿನ ಫೋಟೊಗಾಗಿ ಪಕ್ಕದ ಹತ್ತು ಗಿಡಗಳ ಮೇಲೆ ಮೊಣಕಾಲೂರಿ ಕೂರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಎತ್ತರದ ಗಿಡಗಳಿಗೆ ಬೆಳೆದು, ಹೂಬಿಟ್ಟು, ಬೀಜ ಕಟ್ಟಲು ಹಿಮ ಇಲ್ಲದ ಕೆಲವೇ ತಿಂಗಳು ಇರುವುದು. ದಾರಿಯಿಂದ ಕೈಗೆಟುಕುವ ಹೂ ಸಿಗುವವರೆಗೆ ಕಾಯಿರಿ. ಅಡ್ಡ ಬಂದ ಹುಲ್ಲನ್ನು ಕೀಳದೆ ಕೈಯಿಂದ ಸರಿಸಿ ಹಿಡಿಯಿರಿ. ದೇವರಿಗೆ ಏರಿಸಲು ಅಂತ ಬ್ರಹ್ಮಕಮಲವನ್ನು ಈಗಾಗಲೇ ಬಹಳ ಕಿತ್ತಿದ್ದಾರೆ. ಅದಕ್ಕೆ ಮೊಬೈಲಿನಲ್ಲಿ ಲೊಕೇಶನ್ ಆಫ್ ಮಾಡಿ, ಫೋಟೊ ಹಾಕುವಾಗ ಸರಿಯಾದ ಜಾಗ ಬರೆಯಬೇಡಿ. ಒದ್ದೆ ಬಂಡೆ ಹತ್ತುವ ಆಸೆಯೂ ಬೇಡ. 1939ರಲ್ಲಿ ಗಿಡ ಸಂಗ್ರಹಿಸಲು ಬಂದಿದ್ದ ಜೋನ್ ಮಾರ್ಗರೆಟ್ ಲೆಗ್ ಆ ಕಣಿವೆಯಲ್ಲೇ ಜಾರಿ ಬಿದ್ದು ತೀರಿಕೊಂಡರು, ಅವರ ಸಮಾಧಿ ಅಲ್ಲೇ ಇದೆ. ಹೋದಾಗ ನೋಡಿ ಬನ್ನಿ.

ಕಣಿವೆಯೊಳಗೆ ರಾತ್ರಿ ಉಳಿಯಲು ಬಿಡುವುದಿಲ್ಲ, ಬೆಳಿಗ್ಗೆ ಗೇಟ್ ತೆಗೆಯುವ ಹೊತ್ತಿಗೇ ಹೋಗಿ ನಿಂತುಕೊಳ್ಳಿ. ಹುಬ್ಬಳ್ಳಿಯಿಂದ ದೆಹಲಿಯ ನಿಜಾಮುದ್ದೀನ್‌ಗೆ ರೈಲಿದೆ, ಅಲ್ಲಿಂದ ಹರಿದ್ವಾರ, ಆಮೇಲೆ ರಸ್ತೆಯಲ್ಲಿ ಗೋವಿಂದಘಾಟ್, ಘಾಂಗರಿಯಾದ ದಾರಿ ಶುರುವಾಗುವುದು ಅಲ್ಲಿಂದಲೇ. ಮಳೆಗಾಲದಲ್ಲಿ ಆ ರಸ್ತೆ ಗುಡ್ಡ ಕುಸಿದು ಆಗಾಗ ಬಂದ್ ಆಗುತ್ತದೆ. ವಾಪಸ್ ಟಿಕೆಟ್ ಮಾಡಿಸುವಾಗ ಎರಡು ದಿನ ಜಾಸ್ತಿ ಇಟ್ಟುಕೊಂಡೇ ಮಾಡಿಸಿ. ಕಪ್ಪತಗುಡ್ಡದಲ್ಲಿ ತೆಗೆದ ಅಗ್ನಿಶಿಖೆ ಫೋಟೊ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.