ಮನೆಯಲ್ಲೇ ಎಲ್ಲರೂ ಸೇರಿ ಯಕ್ಷಗಾನದ ಲೈವ್: ಮೊದಲು ಕಿವಿಗೆ ವ್ಯವಸ್ಥೆ ಮಾಡಿ

ಪ್ರಶ್ನೆ: ನಾವಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಕರಾವಳಿ ಕಡೆಯ ಐದಾರು ಮನೆಯವರು ಸೇರಿ ಶನಿವಾರ ಸಂಜೆ ಯೂಟ್ಯೂಬ್‌ನಲ್ಲಿ ಯಕ್ಷಗಾನದ ಲೈವ್ ಹಾಕಿ ನಮ್ಮ ಟಿವಿಯಲ್ಲಿ ನೋಡಿದೆವು. ಚೆಂಡೆ ಬಿಟ್ಟರೆ ಏನೂ ಕೇಳಿಸಲಿಲ್ಲ. ಭಾಗವತರ ಪದ (ಹಾಡು) ಒಂದು ಸಾಲೂ ತಿಳಿಯಲಿಲ್ಲ. ಗಂಟೆಯೊಳಗೆ ಮಕ್ಕಳು ಎದ್ದು ಹೋದರು, ದೊಡ್ಡವರು ಮೊಬೈಲ್ ಹಿಡಿದರು. ಏನು ಮಾಡಬಹುದು?

ಉತ್ತರ: ಬೇಸರ ಮಾಡಿಕೊಳ್ಳಬೇಡಿ, ಇದು ಸರಿಮಾಡಬಹುದಾದ ತೊಂದರೆ. ಭಾಗವತರ ಪದ, ವೇಷಧಾರಿಗಳ ಅರ್ಥ (ಮಾತು) ಎರಡೂ ಕೇಳದಿದ್ದರೆ ಆಟ, ಅಂದರೆ ಯಕ್ಷಗಾನ, ಬರೀ ಬಣ್ಣದ ಓಡಾಟ. ಮಕ್ಕಳು ಎದ್ದು ಹೋಗುವುದು ಸಹಜ ಅಲ್ವಾ?

ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ. 'ಆಟೊ ವಾಲ್ಯೂಮ್', 'ನೈಟ್ ಮೋಡ್' ಅಂತೇನಾದರೂ ಇದ್ದರೆ ಆಫ್ ಮಾಡಿ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಅವು ಒಟ್ಟು ಸದ್ದನ್ನೇ ತಗ್ಗಿಸುತ್ತವೆ, ಜೊತೆಗೆ ಭಾಗವತರ ದನಿಯೂ ಮುಳುಗುತ್ತದೆ. ಬೇಸ್ ಸ್ವಲ್ಪ ಇಳಿಸಿ. ಈಗಿನ ತೆಳು ಟಿವಿಗಳ ಸ್ಪೀಕರ್ ಪುಟ್ಟದು, ಹೆಚ್ಚಾಗಿ ಕೆಳಕ್ಕೋ ಗೋಡೆ ಕಡೆಗೋ ಮುಖ ಮಾಡಿರುತ್ತದೆ. ಹಾಗಾಗಿ ಹತ್ತು ಜನ ಕೂರುವ ಹಾಲ್‌ಗೆ ಬೇರೆ ಸ್ಪೀಕರ್ ಬೇಕೇ ಬೇಕು. ಯಾರ ಮನೆಯಲ್ಲಿ ಸೌಂಡ್‌ಬಾರ್ ಇದೆಯೋ ಅವರಲ್ಲೇ ಸೇರಿ.

ಸ್ಪೀಕರ್‌ಗೆ ತಂತಿ ಹಾಕಿ, ಬ್ಲೂಟೂತ್ ಬೇಡ. ನಾನೂ ಮೊದಲು ಬ್ಲೂಟೂತ್ ಸ್ಪೀಕರ್ ಇಟ್ಟಿದ್ದೆ. ಮದ್ದಳೆ ಬಾರಿಸುವ ನೆಂಟರೊಬ್ಬರು ಬಂದವರು ಎರಡು ನಿಮಿಷ ನೋಡಿ, "ಮಾರಾಯಾ, ಕೋಲು ಚೆಂಡೆಗೆ ಬಿದ್ದು ಮೇಲೆ ಎದ್ದ ಮೇಲೆ ಪೆಟ್ಟು ಕೇಳ್ತದಲ್ಲ, ಇದನ್ನು ಹೇಗೆ ನೋಡೋದು?" ಅಂದರು. ಆಮೇಲೆ ನನಗೂ ಅದೇ ಕಾಣತೊಡಗಿತು. ವೇಷದ ಹೆಜ್ಜೆ ಒಂದು ಕಡೆ, ತಾಳ ಇನ್ನೊಂದು ಕಡೆ. ತಂತಿ ಹಾಕಿದ ಮೇಲೆ ಎರಡೂ ಕೂಡಿಕೊಂಡವು.

ಯಾವ ಚಾನೆಲ್ ಅನ್ನುವುದೂ ಮುಖ್ಯ. ಕೆಲವರು ಮೈಕ್ ಸೆಟ್‌ನಿಂದಲೇ ನೇರವಾಗಿ ಸೌಂಡ್ ತೆಗೆದುಕೊಳ್ಳುತ್ತಾರೆ. ಕೆಲವರದ್ದು ಕ್ಯಾಮೆರಾದ ಮೈಕ್ ಮಾತ್ರ. ಎರಡನೆಯದರಲ್ಲಿ ಜನರ ಮಾತು, ಮೈದಾನದ ಗಾಳಿ ಎಲ್ಲ ಸೇರಿ ದೂರದಿಂದ ಕೇಳಿದ ಹಾಗಿರುತ್ತದೆ. ಒಂದೇ ಆಟ ಇಬ್ಬರು ತೋರಿಸುತ್ತಿದ್ದರೆ ಎರಡನ್ನೂ ಒಂದು ನಿಮಿಷ ಕೇಳಿ ಆರಿಸಿ.

ಚಿತ್ರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 1080ಪಿಗೆ 5 ಎಂಬಿಪಿಎಸ್, 720ಪಿಗೆ 2.5 ಎಂಬಿಪಿಎಸ್ ವೇಗ ಇದ್ದರೆ ಸಾಕು. ನಿಂತು ನಿಂತು ಬಂದರೆ 720ಪಿಗೆ ಇಳಿಸಿ, ಆಟಕ್ಕೇನೂ ಕಡಿಮೆಯಾಗುವುದಿಲ್ಲ.

ಇನ್ನು ಜನ. ಸಿನಿಮಾದ ಹಾಗೆ ಎಲ್ಲರೂ ಸುಮ್ನೆ ಕೂರಬೇಕು ಅಂತ ಹಟ ಬೇಡ. ಬಯಲಾಟಕ್ಕೆ ಹೋದವರು ನಡುವೆ ಎದ್ದು ಚರುಮುರಿ ತಿಂದು ಬರುತ್ತಿದ್ದರು, ಚಾಪೆಯಲ್ಲೇ ಒಂದು ನಿದ್ದೆ ತೆಗೆಯುತ್ತಿದ್ದರು, ಒಳ್ಳೆಯ ವೇಷ ಬಂದಾಗ ಪಕ್ಕದವರು ತಟ್ಟಿ ಎಬ್ಬಿಸುತ್ತಿದ್ದರು. ನಿಮ್ಮ ಹಾಲ್‌ನಲ್ಲೂ ಹಾಗೇ ನಡೆಯಲಿ. ನೆಲಕ್ಕೆ ಚಾಪೆ ಹಾಸಿ. ಗೋಳಿಬಜೆ ಕರಿದಿಡಿ. ಮಕ್ಕಳಿಗೆ ಮೊದಲೇ ಕಥೆ ಹೇಳಿಬಿಡಿ, ಯಾರು ಯಾರ ಮೇಲೆ ಯುದ್ಧಕ್ಕೆ ಹೋಗುತ್ತಾರೆ ಅಂತ ಗೊತ್ತಿದ್ದರೆ ಅವರು ಕಾಯುತ್ತಾರೆ. ಮೊದಲ ಸಲಕ್ಕೆ ದೇವಿ ಮಹಾತ್ಮೆ ಒಳ್ಳೆಯ ಆಯ್ಕೆ. ಮಹಿಷಾಸುರ ದೊಂದಿಯ (ಪಂಜಿನ) ಬೆಳಕಿನಲ್ಲಿ, ಅಬ್ಬರಿಸುತ್ತಾ ಜನರ ನಡುವಿನಿಂದಲೇ ರಂಗಸ್ಥಳಕ್ಕೆ ಬರುತ್ತಾನೆ. ಆ ಹೊತ್ತಿಗೆ ಮನೆಯ ಲೈಟೆಲ್ಲ ಆರಿಸಿ. ಎದ್ದು ಹೋದ ಮಕ್ಕಳೂ ಓಡಿ ಬಂದು ಮಡಿಲು ಸೇರುತ್ತಾರೆ, ನಮ್ಮ ಮನೆಯಲ್ಲಿ ಹಾಗೇ ಆಗಿದೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳೂ ನಮ್ಮ ಜೊತೆಗೇ ನೋಡಬೇಕು ಅಂತ ವಿಡಿಯೊ ಕಾಲ್‌ನಲ್ಲಿ ಟಿವಿಯನ್ನು ತೋರಿಸಿದೆವು. ಅವಳಿಗೆ ಸದ್ದು ತುಂಡು ತುಂಡಾಗಿ ಕೇಳಿಸಿತಂತೆ. ಯಾಕೆ?

ಉತ್ತರ: ವಿಡಿಯೊ ಕಾಲ್ ಇರುವುದು ಮಾತಿಗೆ. ಮಾತಲ್ಲದ ಸದ್ದನ್ನು ಅದು ಗದ್ದಲ ಅಂತ ತಿಳಿದು ಅಳಿಸುತ್ತದೆ. ಚೆಂಡೆ, ಶ್ರುತಿ ಎರಡೂ ಅದರ ಲೆಕ್ಕದಲ್ಲಿ ಗದ್ದಲವೇ. ಅದಕ್ಕೆ ಲಿಂಕ್ ಕಳಿಸಿ, ಅವಳು ತನ್ನ ಟಿವಿಯಲ್ಲೇ ಹಾಕಿಕೊಳ್ಳಲಿ. ಫೋನ್ ಕಾಲ್ ಮ್ಯೂಟ್‌ನಲ್ಲಿ ಇರಲಿ, ಮಾತಾಡಬೇಕೆನಿಸಿದಾಗ ತೆಗೆದರಾಯಿತು. ಲೈವ್ ಒಬ್ಬೊಬ್ಬರ ಟಿವಿಗೆ ಕೆಲವು ಸೆಕೆಂಡು ಹಿಂದೆ ಮುಂದೆ ಬರುತ್ತದೆ. ಮುಂದಿರುವವರು ಒಂದು ಸಲ ಪಾಜ್ ಒತ್ತಿ, ಒಂದೇ ಪದಕ್ಕೆ ಇಬ್ಬರೂ ಸರಿಹೊಂದಿಸಿಕೊಳ್ಳಿ.

ಹೊತ್ತಿನ ಮಟ್ಟಿಗೆ ನೀವು ಅದೃಷ್ಟವಂತರು. ಚಳಿಗಾಲದಲ್ಲಿ ಇಲ್ಲಿ ಸಂಜೆ 6 ಅಂದರೆ ಅಲ್ಲಿ ಬೆಳಗ್ಗೆ 7.30. ರಾತ್ರಿಯಿಡೀ ನಡೆಯದೆ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟವಾದರೆ ಅವಳು ಶನಿವಾರದ ತಿಂಡಿ ಮುಗಿಸಿ ಮಧ್ಯಾಹ್ನದೊಳಗೆ ಪೂರ್ತಿ ನೋಡಬಹುದು.

ಪ್ರಶ್ನೆ: ಇದಕ್ಕೆಲ್ಲ ದುಡ್ಡು ಕೊಡಬೇಕಾ?

ಉತ್ತರ: ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಖರ್ಚು ಹರಕೆ ಹೊತ್ತು ಆಡಿಸುವ ಸೇವಾಕರ್ತರದ್ದು. ಆದರೆ ರಾತ್ರಿ ಕ್ಯಾಮೆರಾ ಹಿಡಿದು ನಿಲ್ಲುವವರಿಗೂ ಖರ್ಚಿದೆ. ಪರದೆಯಲ್ಲಿ ಕ್ಯುಆರ್ ಕೋಡ್ ಕಂಡರೆ ಮನೆಗೆ ಇಷ್ಟು ಅಂತ ಸೇರಿಸಿ ಕಳಿಸಿ. ಟಿಕೆಟ್ ಇಟ್ಟು ತೋರಿಸುವ ನಾಟಕ, ಸಂಗೀತ ಕಛೇರಿಗಳ ಮಾತು ಬೇರೆ. ಒಂದು ಮನೆಗೆ ಅಂತ ಕೊಂಡ ಲಿಂಕನ್ನು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಎಲ್ಲರಿಗೂ ಹಾಕುವ ಮುಂಚೆ ತಂಡದವರನ್ನು ಒಂದು ಮಾತು ಕೇಳಿ.