ರೈಲಿನಲ್ಲಿ ಬೆವರಿದ್ದು ಶುಗರ್ ಏರಿದ್ದರಿಂದಲ್ಲ, ಇಳಿದದ್ದರಿಂದ ಇರಬೇಕು

ನೀವು ಬರೆದದ್ದರಲ್ಲಿ ಎರಡು ಸಂಗತಿಗಳಿವೆ. ಎರಡು ತಿಂಗಳಿಂದ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ನುಂಗುತ್ತಿದ್ದೀರಿ. ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವಂತಿಲ್ಲ, ಕಿಡ್ನಿಯೂ ಹೋಗುತ್ತದೆ ಎಂದು ಊರಿನಿಂದ ಮಾವ ಹೆದರಿಸಿದ್ದಾರೆ. ಇನ್ನೊಂದು, ಕಳೆದ ವಾರ ಬೆಳಿಗ್ಗೆ ತಿಂಡಿಗೆ ಸಮಯವಿಲ್ಲದೆ ಮಾತ್ರೆಯನ್ನಷ್ಟೇ ನುಂಗಿ ಠಾಣೆಯಲ್ಲಿ ರೈಲು ಹತ್ತಿದಿರಿ. ಮೈ ನಡುಗಿ, ಬೆವರು ಸುರಿದು, ಕಣ್ಣು ಮಂಜಾಗಿ ದಾದರ್‌ನಲ್ಲಿ ಇಳಿದು ಕುಳಿತಿರಿ. ಶುಗರ್ ಏರಿತೆಂದು ಭಾವಿಸಿ ಮಧ್ಯಾಹ್ನದ ಊಟವನ್ನೂ ಬಿಟ್ಟಿರಿ. ನೀವು ಉತ್ತರ ಕೇಳಿದ್ದು ಮೊದಲನೆಯದಕ್ಕೆ. ನಾನು ಎರಡನೆಯದನ್ನೇ ಮೊದಲು ಹಿಡಿಯುತ್ತೇನೆ. ಅವಸರದ್ದು ಅದು.

ನಾನು ವೈದ್ಯನಲ್ಲ. ಕುಂದಾಪುರದ ಕಡೆಯವನು, ಡೊಂಬಿವಲಿಯಲ್ಲಿ ಮನೆ, ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ಶುರುವಿನಲ್ಲಿ ನನಗೂ ನಿಮ್ಮದೇ ಮಾತ್ರೆ. ಒಂದು ದಿನ ಸಂಕಷ್ಟಿ. ನನಗೆ ಅಂಥ ಭಕ್ತಿಯೇನೂ ಇಲ್ಲ. ಕಟ್ಟಡದವರೆಲ್ಲ ಚಂದ್ರೋದಯದ ತನಕ ಉಪವಾಸ ಇರುವಾಗ ನಾನೊಬ್ಬನೇ ಇಡ್ಲಿ ತಿನ್ನುವುದು ಚೆನ್ನಾಗಿರುವುದಿಲ್ಲ ಎಂಬ ಸಂಕೋಚ, ಅಷ್ಟೇ. ಆದರೆ ಮಾತ್ರೆ ಮಾತ್ರ ತಪ್ಪಿಸಲಿಲ್ಲ. ವೈದ್ಯರು ತಪ್ಪಿಸಬೇಡಿ ಎಂದಿದ್ದರಲ್ಲ! ಹನ್ನೊಂದೂವರೆಯ ಹೊತ್ತಿಗೆ ನೂರರ ನೋಟು ಕೊಟ್ಟ ಗಿರಾಕಿಗೆ ಐನೂರಕ್ಕೆ ಚಿಲ್ಲರೆ ಎಣಿಸಿ ಕೊಡುತ್ತಿದ್ದೆ. ತಪ್ಪು ತೋರಿಸಿದ ಹುಡುಗನ ಮೇಲೆ ಹರಿಹಾಯ್ದೆ. ಒಳಗಿನಿಂದ ಬಂದ ಭಟ್ಟರು ನನ್ನ ಮುಖ ನೋಡಿದವರೇ ಒಂದು ಲೋಟ ಸಕ್ಕರೆ ನೀರು ತಂದು ಹಿಡಿದರು. ಅವರ ತಾಯಿಗೂ ಇದೇ ಕಾಯಿಲೆ, ಇಂಥದ್ದನ್ನು ಕಂಡವರು. "ಶುಗರ್ ಇರುವವನಿಗೆ ಸಕ್ಕರೆ ಕುಡಿಸಿ ಕೊಲ್ಲುತ್ತೀರಾ" ಎಂದು ಅವರಿಗೂ ಬೈದೆ. "ಬೈಯಿರಿ, ಕುಡಿದು ಬೈಯಿರಿ ಮಾರಾಯ್ರೆ" ಎಂದರು. ಇಪ್ಪತ್ತು ನಿಮಿಷದ ಮೇಲೆ ಪಕ್ಕದ ಔಷಧಿ ಅಂಗಡಿಯ ಮೀಟರಿನಲ್ಲಿ 74 ಬಂತು. ಕುಡಿಯುವ ಮೊದಲು ಎಷ್ಟಿತ್ತೋ!

ನಡುಕ, ಬೆವರು, ಮಂಜು, ಕಾರಣವಿಲ್ಲದ ಸಿಟ್ಟು ಇವೆಲ್ಲ ಸಕ್ಕರೆ ಇಳಿದಾಗಿನ ಲಕ್ಷಣಗಳು. ಏರಿದ ಸಕ್ಕರೆ ಸಾಮಾನ್ಯವಾಗಿ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಎಂದು ನಿಧಾನವಾಗಿ ಕಾಡುತ್ತದೆ. ಹೀಗೆ ಹತ್ತು ನಿಮಿಷದಲ್ಲಿ ಮೈ ಕೆಡಿಸುವುದು ಕಡಿಮೆ. ನಿಮ್ಮ ಮಾತ್ರೆಯೊಳಗಿನ ಎರಡು ಔಷಧಿಗಳ ಸ್ವಭಾವ ಬೇರೆ ಬೇರೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ರಕ್ತಕ್ಕೆ ಸುರಿಯುವ ಸಕ್ಕರೆಯನ್ನು ತಗ್ಗಿಸುತ್ತದೆ; ಅದೊಂದೇ ಆದರೆ ಸಕ್ಕರೆ ಅಪಾಯಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಸುರಿಸುತ್ತದೆ. ನೀವು ತಿಂದಿದ್ದೀರೋ ಇಲ್ಲವೋ ಅದು ಕೇಳುವುದಿಲ್ಲ. ಹಾಗಾಗಿ ತಿಂಡಿಯ ತಟ್ಟೆ ಮುಂದೆ ಬಂದ ಮೇಲೆಯೇ ಆ ಮಾತ್ರೆ ಬಾಯಿಗೆ ಹೋಗಬೇಕು.

ಮತ್ತೆ ಹಾಗಾದರೆ, ಮೀಟರ್ ಇದ್ದರೆ ನೋಡಿ. 70ಕ್ಕಿಂತ ಕೆಳಗಿದ್ದರೆ, ಅಥವಾ ಮೀಟರೇ ಇಲ್ಲದಿದ್ದರೆ, ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷ ಕಾಯಿರಿ, ಏರದಿದ್ದರೆ ಇನ್ನೊಮ್ಮೆ. ಆಮೇಲೆ ಏನಾದರೂ ಹೊಟ್ಟೆ ತುಂಬ ತಿನ್ನಲೇಬೇಕು, ಏಕೆಂದರೆ ಗ್ಲಿಮೆಪಿರೈಡ್ ಇಡೀ ದಿನ ಕೆಲಸ ಮಾಡುತ್ತಿರುತ್ತದೆ. ನೀವು ಆ ದಿನ ಊಟ ಬಿಟ್ಟದ್ದು ಎಂಥ ಅಪಾಯ ಎಂದು ಈಗ ತಿಳಿಯುತ್ತದೆ. ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ವೋಗ್ಲಿಬೋಸ್ ಎಂದೂ ಇದೆಯೇ ನೋಡಿ. ಮೂರು ಔಷಧಿ ಸೇರಿದ ಮಾತ್ರೆಗಳಲ್ಲಿ ಅದು ಇರುತ್ತದೆ. ಅದು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುವುದರಿಂದ ಅಡುಗೆಮನೆಯ ಸಕ್ಕರೆ ಬೇಗ ಹತ್ತುವುದಿಲ್ಲ. ಆಗ ಗ್ಲೂಕೋಸೇ ಬೇಕು.

ಇದನ್ನು ಓದಿ ಮಾತ್ರೆಯನ್ನು ನೀವಾಗಿ ಬಿಡಬೇಡಿ. ಬದಲಿಗೆ ಈ ವಾರವೇ ವೈದ್ಯರ ಬಳಿ ಹೋಗಿ, ಯಾವ ದಿನ, ಎಷ್ಟು ಗಂಟೆಗೆ, ಏನು ತಿಂದಿದ್ದಿರಿ ಎಂದು ಬರೆದು ತೋರಿಸಿ. ಗ್ಲಿಮೆಪಿರೈಡ್ ಪ್ರಮಾಣ ಇಳಿಸಬಹುದು, ಬದಲಿಸಲೂಬಹುದು. ನನಗೆ ಅದನ್ನು ತೆಗೆದು ಸಿಟಾಗ್ಲಿಪ್ಟಿನ್ ಬರೆದರು; ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜೊತೆಗಿಲ್ಲದಿದ್ದರೆ ಅದು ಸಕ್ಕರೆಯನ್ನು ಹೀಗೆ ಕುಸಿಯಲು ಬಿಡುವುದು ಕಡಿಮೆ. ಮೊದಲು ದುಬಾರಿಯಾಗಿತ್ತು. 2022ರಲ್ಲಿ ಪೇಟೆಂಟ್ ಮುಗಿದ ಮೇಲೆ ಹಲವು ಕಂಪನಿಗಳು ತಯಾರಿಸತೊಡಗಿ ಬೆಲೆ ಇಳಿಯಿತು.

ಇನ್ನು ಮಾವನ ಮಾತು. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕೆಡಿಸುವುದು ವರ್ಷಗಟ್ಟಲೆ ಏರಿಯೇ ಇದ್ದ ಸಕ್ಕರೆ ಮತ್ತು ರಕ್ತದೊತ್ತಡ. ಆದರೆ ಕಿಡ್ನಿ ಸೋತಾಗ ಈ ಮಾತ್ರೆ ಮೈಯಲ್ಲಿ ಉಳಿದುಬಿಡುತ್ತದೆ. ಅದಕ್ಕಾಗಿ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ಅಂಕಿ, 45ಕ್ಕಿಂತ ಕೆಳಗಿಳಿದರೆ ಪ್ರಮಾಣ ಕಡಿಮೆ ಮಾಡುತ್ತಾರೆ, 30ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ. ನಿಲ್ಲಿಸಿದ್ದನ್ನು ಕಂಡವರು ಮಾತ್ರೆಯೇ ಕೆಡಿಸಿತು ಎಂದು ಊರೆಲ್ಲ ಹೇಳುತ್ತಾರೆ. ಬಹಳ ವರ್ಷ ತೆಗೆದುಕೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದು ನಿಜ. ನನಗೂ ಆಯಿತು, ಪಾದ ಜುಮುಗುಟ್ಟುತ್ತಿತ್ತು. ಸಾಯುವ ತನಕವೇ ಎಂಬುದಕ್ಕೆ: ಮಾತ್ರೆ ಚಟ ಹಿಡಿಸುವುದಿಲ್ಲ, ಕಾಯಿಲೆ ದೀರ್ಘಕಾಲದ್ದು. ಶುರುವಿನಲ್ಲೇ ತೂಕವನ್ನು ಚೆನ್ನಾಗಿ ಇಳಿಸಿ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ಬಿಟ್ಟು ಎಚ್‌ಬಿಎ1ಸಿಯನ್ನು (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ) 6.5ರ ಕೆಳಗೆ ಇಟ್ಟುಕೊಂಡವರಿದ್ದಾರೆ. ಹೋಟೆಲಿನಲ್ಲಿ ಕುಳಿತ ನನಗೆ ಅದು ಆಗಲಿಲ್ಲ. ನಿಮಗೆ ಎರಡೇ ತಿಂಗಳಾಗಿದೆ, ಪ್ರಯತ್ನಿಸಬಹುದು.

ನಾಳೆ ಹೊರಡುವಾಗ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಸಣ್ಣ ಪೊಟ್ಟಣ ಇಟ್ಟುಕೊಳ್ಳಿ. ರೈಲಿನಲ್ಲಿ ದಿನವೂ ಜೊತೆಗಿರುವ ಒಬ್ಬಿಬ್ಬರಿಗೆ ಶುಗರ್ ಇದೆ ಎಂದು ಹೇಳಿಡಿ, ನಾಚಿಕೆ ಬೇಡ. ಸಕ್ಕರೆ ಇಳಿದವನು ತೊದಲುತ್ತಾನೆ, ತೂರಾಡುತ್ತಾನೆ. ಗೊತ್ತಿಲ್ಲದವರು ಬೆಳ್ಳಂಬೆಳಿಗ್ಗೆಯೇ ಕುಡಿದು ಬಂದಿದ್ದಾನೆಂದು ದೂರ ಸರಿಯುತ್ತಾರೆ. ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಸುರಿಯದೆ ನೇರ ಆಸ್ಪತ್ರೆಗೆ ಸಾಗಿಸಬೇಕು ಎಂಬುದನ್ನೂ ಅವರಿಗೆ ತಿಳಿಸಿ.